ರತ್ನಮ್ಮ ಮೇಡಂ ಅವರ ನಾಲ್ಕು ಖಾನೆ

ರತ್ನಮ್ಮ ಮೇಡಂ ಯಾವ ರೋಗಿಯನ್ನೂ ‘ಎಲ್ಲಿ ನೋವು?’ ಎಂದು ಮೊದಲು ಕೇಳಿದ್ದನ್ನು ನಾನು ಕಂಡಿಲ್ಲ. ಸೊಂಟ ಹಿಡಿದುಕೊಂಡು ಬಂದವರಿರಲಿ, ಲಕ್ವ ಹೊಡೆದು ಒಂದು ಕಡೆಗೆ ವಾಲಿಕೊಂಡು ಬಂದವರಿರಲಿ, ಎದುರಿನ ಬೆಂಚಿನ ಮೇಲೆ ಕೂರಿಸಿ, ಕುಡಿಯಲು ನೀರು ಕೊಟ್ಟು, ಅವರು ಕೇಳುತ್ತಿದ್ದ ಮೊದಲ ಪ್ರಶ್ನೆ ಒಂದೇ: “ನಿನ್ನಿ ಮುಂಜಾನಿ ಎದ್ದಾಗಿಂದ ಮಲಗೋ ಮಟ ಏನೇನು ಮಾಡಿದ್ರಿ, ಹೇಳ್ರಿ.” ನೋವು ತೋಡಿಕೊಳ್ಳಲು ಬಂದವರು ತಬ್ಬಿಬ್ಬಾಗುತ್ತಿದ್ದರು. “ಮಾಡಾದೇನೈತ್ರಿ, ಕುಂತಿದ್ದೆ” ಎಂದು ತಪ್ಪಿಸಿಕೊಳ್ಳುವಂತೆಯೂ ಇರಲಿಲ್ಲ. “ಎಲ್ಲಿ ಕುಂತಿದ್ರಿ? ಕಟ್ಟಿ ಮ್ಯಾಲೋ, ಮಂಚದ ಮ್ಯಾಲೋ? ಎಬ್ಬಿಸಿದವರು ಯಾರು? ನೀರು ನೀವ ತಗೊಂಡ್ರೋ, ಸೊಸಿ ತಂದುಕೊಟ್ಲೋ?” ಎಂದು ಎಳೆ ಹಿಡಿದು ಎಳೆಯುತ್ತಿದ್ದರು. ಮೊಣಕಾಲು ತೋರಿಸಲು ಬಂದ ಮುದುಕ ಅರ್ಧ ತಾಸಿನಲ್ಲಿ ತನ್ನ ಇಡೀ ಮನೆಯನ್ನೇ ತೋರಿಸಿಬಿಟ್ಟಿರುತ್ತಿದ್ದ.

ನಮ್ಮದು ಕೂಡ್ಲಿಗಿಯ ಒಂದು ಸಣ್ಣ ಫಿಸಿಯೋಥೆರಪಿ ಕೇಂದ್ರ. ಎರಡು ಕೋಣೆ, ಹಿಡಿದುಕೊಂಡು ನಡೆಯಲು ಎರಡು ಕಬ್ಬಿಣದ ಸರಳು, ಹತ್ತಿಳಿಯಲು ಮೂರು ಮೆಟ್ಟಿಲಿನ ಒಂದು ಮರದ ಏಣಿಕಟ್ಟೆ, ಗೋಡೆಗೊಂದು ದೊಡ್ಡ ಕನ್ನಡಿ. ವಾರಕ್ಕೆ ಎರಡು ದಿನ ಮೇಡಂ ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಕಡೆಯ ಶಿಬಿರಗಳಿಗೆ ಹೋಗುತ್ತಿದ್ದರು. ನಾನು ಕೊಟ್ಟೂರಿನವನು. ದಾವಣಗೆರೆಯಲ್ಲಿ ಡಿಗ್ರಿ ಮುಗಿಸಿ, ಬಿಳಿ ಕೋಟು ಹೊಲಿಸಿಕೊಂಡು, ನೇರವಾಗಿ ಅವರ ಕೈಕೆಳಗೆ ಬಂದು ಬಿದ್ದೆ. ತುಂಬಿದ ಕೊಡ ತುಳುಕುವುದಿಲ್ಲ ಅನ್ನುತ್ತಾರಲ್ಲ, ನಾನು ಆಗ ಕಾಲು ಭಾಗವೂ ತುಂಬದ ಕೊಡ, ಊರಿಗೆಲ್ಲ ಕೇಳುವ ಹಾಗೆ ತುಳುಕುತ್ತಿದ್ದೆ. ಸ್ನಾಯುಗಳ ಹೆಸರನ್ನು ಇಂಗ್ಲಿಷಿನಲ್ಲಿ ಪಟಪಟನೆ ಹೇಳಿದರೆ ಮೇಡಂ ಪೂರ್ತಿ ಕೇಳಿಸಿಕೊಂಡು, “ಚಲೋ ಹೇಳಿದಿ ಕೊಟ್ರೇಶಿ. ಈಗ ಆ ಯಪ್ಪಗ ಅಂಗಿ ಗುಂಡಿ ಹಾಕಾಕ ಬರ್ತೈತೋ ಇಲ್ಲೋ ನೋಡು” ಅನ್ನುತ್ತಿದ್ದರು.

ಅವರ ಊರು ಹಡಗಲಿ ತಾಲೂಕಿನ ಇಟ್ಟಿಗಿ. ತಂದೆ ಗೌಂಡಿ ಕೆಲಸದವರು. ಮನೆತನದಲ್ಲಿ ತಿಂಗಳ ಸಂಬಳ ತಂದ ಮೊದಲ ಹೆಣ್ಣು ಮಗಳು ತಾನೇ ಎಂದು ಅವರು ಯಾರ ಮುಂದೆಯೂ ಮುಚ್ಚಿಡುತ್ತಿರಲಿಲ್ಲ, ತಲೆಯೆತ್ತಿಯೇ ಹೇಳುತ್ತಿದ್ದರು. ಮೇಜಿನ ಮೇಲೆ ಬುದ್ಧನದೊಂದು ಸಣ್ಣ ಮೂರ್ತಿ, ಅದರ ಪಕ್ಕದಲ್ಲಿ ಒಂದು ದಪ್ಪ ಇಂಗ್ಲಿಷ್ ಪುಸ್ತಕ. ಆ ಪುಸ್ತಕಕ್ಕೆ ಕ್ಯಾಲೆಂಡರ್ ಹಾಳೆಯ ರಟ್ಟು ಹಾಕಿದ್ದರು.

ಆ ಪುಸ್ತಕದ ಬಗ್ಗೆ ಹೇಳದೆ ಮೇಡಂ ಬಗ್ಗೆ ಹೇಳಲಾಗುವುದಿಲ್ಲ. ಅದನ್ನು ಐಸಿಎಫ್ ಅನ್ನುತ್ತಾರೆ. ಮನುಷ್ಯ ಏನೇನು ಮಾಡಬಲ್ಲ, ಎಲ್ಲೆಲ್ಲಿ ಅವನಿಗೆ ತೊಡಕು ಬರುತ್ತದೆ ಎಂಬುದನ್ನು ಜಗತ್ತಿನ ದೇಶಗಳೆಲ್ಲ ಕೂಡಿ ಒಪ್ಪಿಕೊಂಡು ಮಾಡಿದ ವರ್ಗೀಕರಣ. ಪ್ರತಿಯೊಂದು ಕ್ರಿಯೆಗೂ ಅದರಲ್ಲಿ ಒಂದು ಸಂಖ್ಯೆ ಉಂಟು. ಕಾಲೇಜಿನಲ್ಲಿ ನಾವದನ್ನು ಪರೀಕ್ಷೆಯ ಹಿಂದಿನ ದಿನ ಬಾಯಿಪಾಠ ಮಾಡಿ, ಮರುದಿನ ಸಂಜೆಗೆ ಮರೆತಿದ್ದೆವು. ಮೇಡಂ ಅದನ್ನು ನಮ್ಮ ಸೀಮೆಗೆ ಇಳಿಸಿಕೊಂಡಿದ್ದರು. ಒಂದು ಹಾಳೆಯ ಮೇಲೆ ನಾಲ್ಕು ಖಾನೆ ಗೆರೆ ಎಳೆದು, ತಾವೇ ಹೆಸರಿಟ್ಟಿದ್ದರು: ಮೈ, ಕೆಲಸ, ಮಂದಿ, ಮನಿ. ಮೈಯಲ್ಲಿ ಏನಾಗಿದೆ, ಯಾವ ಕೆಲಸ ಮಾಡಲಾಗುತ್ತಿದೆ, ನಾಲ್ಕು ಜನರ ನಡುವೆ ಓಡಾಟ ಹೇಗಿದೆ, ಮನೆ ಮತ್ತು ಸುತ್ತಲಿನವರು ಅಡ್ಡಿಯೋ ಆಸರೆಯೋ. “ಕಾಲೇಜಿನವರು ಮದ್ಲನೇ ಖಾನಿ ಅಷ್ಟ ಕಲಿಸಿ ಕಳಸ್ತಾರ. ಉಳಿದ ಮೂರು ಊರಾಗ ಅದಾವ” ಅನ್ನುವುದು ಅವರ ಮಾತು. ಕುಕ್ಕರಗಾಲಿನಲ್ಲಿ ಕೂರುವುದಕ್ಕೂ ಆ ಪುಸ್ತಕದಲ್ಲಿ ಬೇರೆಯೇ ಒಂದು ಸಂಖ್ಯೆ ಇರುವುದನ್ನು ನನಗೆ ತೋರಿಸಿ, “ನಮ್ಮ ಕುಕ್ಕರಗಾಲಿಗೂ ನಂಬರ್ ಕೊಟ್ಟಾರ ನೋಡೋ! ಯಾರೋ ನಮ್ಮ ಕಡಿಯವರು ಆ ಮೀಟಿಂಗಿಗೆ ಹೋಗಿರಬೇಕು” ಎಂದು ಮಕ್ಕಳ ಹಾಗೆ ನಕ್ಕಿದ್ದರು.

ಖಾನೆಯ ಒಳಗೆ ಬರೆಯುವುದು ಸೊನ್ನೆಯಿಂದ ನಾಲ್ಕರವರೆಗಿನ ಅಂಕಿ. ತೊಂದರೆಯೇ ಇಲ್ಲದಿದ್ದರೆ ಸೊನ್ನೆ, ಏನೂ ಮಾಡಲಾಗದಿದ್ದರೆ ನಾಲ್ಕು. ಒಮ್ಮೆ ಬಣವಿಕಲ್ಲಿನ ಕಡೆಯ ಒಬ್ಬಾತ ತನ್ನ ಹೆಂಡತಿಯ ಹಾಳೆ ನೋಡಿ ಮೇಡಂ ಮೇಲೆ ಏರಿಹೋಗಿದ್ದ. “ಮೂರು ತಿಂಗಳು ಕರಕೊಂಡು ಬಂದೀನ್ರಿ. ಎಷ್ಟು ಚಲೋ ಮಾಡ್ಯಾಳ. ಬಂದಾಗ ಮೂರು ಕೊಟ್ಟಿದ್ರಿ, ಈಗ ಸೊನ್ನಿ ಹಾಕೀರಲ್ರೀ! ಏನು ತಪ್ಪು ಮಾಡ್ಯಾಳ?” ಮೇಡಂ ಸಿಟ್ಟಾಗಲಿಲ್ಲ. “ಯಣ್ಣಾ, ಇದು ಸಾಲಿ ಪರೀಕ್ಷಿ ಅಲ್ಲ. ಇಲ್ಲಿ ಸೊನ್ನಿ ತಗೊಂಡವರು ಪೇಢೆ ಹಂಚಬೇಕು” ಎಂದು ಬಿಡಿಸಿ ಹೇಳಿದರು. ಆತ ಹೊರಗೆ ಹೋಗಿ ನಿಜವಾಗಿಯೂ ಪೇಢೆ ತಂದ. ಎಲ್ಲರಿಗೂ ಕೊಟ್ಟು, ಹೆಂಡತಿಗೆ ಎರಡು ಕೊಟ್ಟ.

ಕೆಲಸದ ಖಾನೆಯಲ್ಲಿ ಮಾತ್ರ ಪ್ರತಿಯೊಂದಕ್ಕೂ ಎರಡೆರಡು ಅಂಕಿ ಬರೆಯಬೇಕು. ಮೊದಲನೆಯದು, ತನ್ನ ಮನೆಯಲ್ಲಿ, ತನ್ನ ಊರಿನಲ್ಲಿ ಆ ಮನುಷ್ಯ ನಿಜವಾಗಿ ಮಾಡುತ್ತಿರುವುದು. ಎರಡನೆಯದು, ಇಲ್ಲಿ ನಮ್ಮೆದುರು ಮಾಡಿ ತೋರಿಸಿದ್ದು. ಇಲ್ಲಿ ಮಾಡಿದ್ದನ್ನು ಕಣ್ಣಾರೆ ನೋಡಬಹುದು, ಮನೆಯದ್ದನ್ನು ಕೇಳಿಯೇ ತಿಳಿಯಬೇಕು. ಕೇಳಲು ಹೊತ್ತು ಬೇಕು, ತಾಳ್ಮೆ ಬೇಕು. ಎರಡೂ ಇಲ್ಲದ ನಾನು ಒಂದು ಉಪಾಯ ಮಾಡಿಕೊಂಡಿದ್ದೆ. ಇಲ್ಲಿಯ ಅಂಕಿಯನ್ನೇ ಅಲ್ಲಿಗೂ ಬರೆದುಬಿಡುತ್ತಿದ್ದೆ. ಆ ಉಪಾಯ ಒಬ್ಬ ಹೆಣ್ಣು ಮಗಳ ಅನ್ನಕ್ಕೆ ಕಲ್ಲು ಹಾಕುವ ಮಟ್ಟಕ್ಕೆ ಹೋಯಿತು.

ಆಕೆ ಹನುಮಕ್ಕ. ಹೊಸಹಳ್ಳಿ ಹೋಬಳಿಯ ಒಂದು ಹಳ್ಳಿಯ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು, ಐವತ್ತರ ಆಸುಪಾಸು. ಲಕ್ವ ಹೊಡೆದು ಬಲಭಾಗ ಬಿದ್ದುಹೋಗಿತ್ತು. ಕೈ ಬೇಗ ಚೇತರಿಸಿತು, ಕಾಲು ಹಿಂದೆ ಉಳಿಯಿತು. ಮಗ ತನ್ನ ಆಟೋದಲ್ಲಿ ವಾರಕ್ಕೆ ಮೂರು ಸಲ ಕರೆತರುತ್ತಿದ್ದ. ಹಟಗಾರ್ತಿ. ಸರಳು ಬಿಟ್ಟು ನಡೆದಳು. ಏರುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು ಎಂದು ನಾನು ಕಲಿಸಿದ ಹಾಗೆ, ಎಡಗಾಲು ಮೊದಲಿಟ್ಟು ನಮ್ಮ ಮರದ ಮೆಟ್ಟಿಲನ್ನು ಸಲೀಸಾಗಿ ಹತ್ತಿಳಿದಳು. ಬೇಸಿಗೆ ರಜೆ ಮುಗಿಯುವ ಮುಂಚೆ ಶಾಲೆಯವರಿಗೆ ಒಂದು ಕಾಗದ ಬೇಕೆಂದು ಮಗ ಬಂದಾಗ ಮೇಡಂ ಹರಪನಹಳ್ಳಿ ಶಿಬಿರದಲ್ಲಿದ್ದರು. ನಡೆಯುವುದು, ಹತ್ತುವುದು ಎರಡಕ್ಕೂ ಎರಡೂ ಜಾಗದಲ್ಲಿ ಒಂದು, ಒಂದು ಎಂದು ಬರೆದು, ‘ಕೆಲಸಕ್ಕೆ ಹೋಗಬಹುದು’ ಎಂದು ನಾನೇ ಸಹಿ ಹಾಕಿ ಕಳಿಸಿದೆ. ಸಹಿ ಹಾಕುವ ಸುಖ ಅದುವರೆಗೆ ನನಗೆ ಸಿಕ್ಕಿರಲಿಲ್ಲ.

ಶಾಲೆ ತೆರೆಯಿತು, ಹನುಮಕ್ಕ ಹೋಗಲಿಲ್ಲ. ಒಂದು ವಾರ ಕಳೆದು ಮಗ ಒಬ್ಬನೇ ಬಂದ. ಮುಖ ಸಪ್ಪಗಾಗಿತ್ತು.

“ಸಾಲಿಯವರು ಏನೇನೋ ಅಂತಾರ್ರಿ ಮೇಡಂ. ಕಾಗದದಾಗ ಎಲ್ಲಾ ಚಲೋ ಐತಿ ಅಂತ ಬರದಾರ, ನಿಮ್ಮವ್ವ ಕಳ್ಳಾಟ ಆಡ್ತಾಳ ಅಂತಾರ. ಇನ್ನ ಹದಿನೈದು ದಿನದಾಗ ಬರದಿದ್ರ ಬ್ಯಾರೆಯವರನ್ನ ತಗೊಂತಾರಂತ. ನನಗೂ ತಿಳಿವಲ್ದು. ಇಲ್ಲಿ ಬಂದ್ರ ಕುದುರಿ ಆಗ್ತಾಳ, ಮನಿಗೆ ಹೋದ್ರ ಕಂಬ ಆಗ್ತಾಳ.”

“ಮನಸ್ಸು ಮಾಡ್ತಿಲ್ಲ ಅವರು” ಎಂದು ನಾನು ತೀರ್ಪು ಕೊಟ್ಟೆ.

ಮೇಡಂ ಹಾಳೆ ತೆಗೆದು ನೋಡಿದರು. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. “ಈ ಮನಿ ಅಂಕಿ ಯಾರನ್ನ ಕೇಳಿ ಬರದಿ, ಕೊಟ್ರೇಶಿ?”

“ಇಲ್ಲಿ ಮಾಡ್ತಾರಲ್ರಿ ಮೇಡಂ, ಅಲ್ಲೂ ಮಾಡ್ತಾರ ಅಂತ...”

“ಅಂತ. ಈ ‘ಅಂತ’ ಅನ್ನಾದನ್ನ ಬರಿಯಾಕ ಪುಸ್ತಕದಾಗ ಯಾವ ಖಾನಿ ಐತಪ್ಪ?”

ಅಷ್ಟೇ ಅಂದದ್ದು. ಬೈದಿದ್ದರೆ ಚೆನ್ನಾಗಿತ್ತು. ಆ ಮಧ್ಯಾಹ್ನವೇ ಮೂವರೂ ಆಟೋ ಹತ್ತಿದೆವು.

ಹನುಮಕ್ಕನದು ಹಳೆಯ ಕಲ್ಲು ಮನೆ. ಹೊಸ್ತಿಲು ಒಂದು ಗೇಣಿಗಿಂತ ಎತ್ತರ, ಅರಿಶಿನ ಬಳಿದು, ಕುಂಕುಮ ಇಟ್ಟು, ಹೂವು ಏರಿಸಿದ್ದರು. ಬಚ್ಚಲು, ಪಾಯಖಾನೆ ಎಲ್ಲ ಮನೆಯ ಒಳಗೇ ಇದ್ದವು. ಮೇಡಂ ಒಳಗೆ ಹೋಗಿ ಚಾಪೆಯ ಮೇಲೆ ಕೂತು, ಚಹಾ ಕುಡಿದು, ಮಳೆಯ ಸುದ್ದಿ ಮಾತಾಡಿ, ಆಮೇಲೆ ತಮ್ಮ ಪ್ರಶ್ನೆಗೆ ಬಂದರು.

“ನಿನ್ನಿ ಎದ್ದಾಗಿಂದ ಏನೇನು ಮಾಡಿದಿ ಯಕ್ಕಾ?”

“ಎದ್ದೆ. ಜಳಕ ಮಾಡಿದೆ. ಪಡಸಾಲಿ ಮಟ ಬಂದು ಕುಂತೆ.”

“ಆಮ್ಯಾಕ?”

“ಆಮ್ಯಾಕ ಏನ್ರಿ ಅಮ್ಮಾರೆ, ಕುಂತೆ.”

“ಹೊರಗ ಕಟ್ಟಿ ಮ್ಯಾಲ ಯಾಕ ಕುಂದರ್ಲಿಲ್ಲ? ಗಾಳಿ ಐತಿ, ಮಂದಿ ಐತಿ.”

ಸೊಸೆ ಅತ್ತೆಯ ಮುಖ ನೋಡಿದಳು. ಮೇಡಂ ಮಗನನ್ನು ಕೇಳಿದರು, “ಆಸ್ಪತ್ರಿಗೆ ಕರಕೊಂಡು ಬರಾಗ ಹೊಸ್ತಿಲ ಹೆಂಗ ದಾಟಸ್ತಿ?” “ಎತ್ತಿಕೊಂಡು ಹೋಗಿ ಆಟೋದಾಗ ಕುಂದರಸ್ತೀನ್ರಿ. ತ್ರಾಸ್ ಯಾಕ ಆಗ್ಬೇಕು ಅಂತ.” ಮೂರು ತಿಂಗಳು ನಾನು ಆಕೆಯ ಕಾಲನ್ನು ಎಷ್ಟೊಂದು ಸಲ ಅಳೆದಿದ್ದೆ. ಈ ಒಂದು ಮಾತು ಕೇಳಿರಲಿಲ್ಲ.

ಕೊನೆಗೆ ಹನುಮಕ್ಕನೇ ಬಾಯಿಬಿಟ್ಟಳು. “ಈ ತಮ್ಮ ಎಡಗಾಲು ಮದ್ಲ ಇಡು ಅಂತ ಕಲಿಸ್ಯಾನ್ರಿ. ಅಲ್ಲಿ ಕಟಗಿ ಮೆಟ್ಲು, ಇಟ್ಟೆ. ಇದು ಹೊಸ್ತಿಲ. ಈ ಮನಿಗೆ ಬಲಗಾಲು ಮದ್ಲ ಇಟ್ಟು ಬಂದಾಕಿ ನಾನು. ಎಡಗಾಲು ಮದ್ಲ ಇಟ್ಟು ಹೆಂಗ ದಾಟ್ಲಿ? ಬಲಗಾಲು ಇಡಾಕ ಹೋದೆ ಒಂದಿನ, ಬೆರಳು ತಾಕಿ ಬಿದ್ದೆ. ಮಗಗ ಹೇಳಬ್ಯಾಡ ಅಂತ ಸೊಸಿಗೆ ಆಣಿ ಹಾಕಿಸಿದೆ.”

ನನಗೆ ರೇಗಿತು. ಇದಕ್ಕೋಸ್ಕರ ಕೆಲಸ ಕಳೆದುಕೊಳ್ಳುವುದೇ! “ಇವೆಲ್ಲ ಮೂಢನಂಬಿಕಿ ಹನುಮಕ್ಕ, ಕಾಲಿನಾಗ ಎಡ ಬಲ ಅಂತ...” ಎಂದು ಭಾಷಣ ಶುರುಮಾಡಿದೆ. ಮೇಡಂ ನನ್ನ ಪರ ನಿಲ್ಲುತ್ತಾರೆಂದುಕೊಂಡಿದ್ದೆ. ಅವರ ಮನೆಯಲ್ಲಿ ಹೊಸ್ತಿಲ ಪೂಜೆ ಇಲ್ಲ, ಅದು ನನಗೆ ಗೊತ್ತಿತ್ತು. ಅವರು ನನ್ನ ಕಡೆ ತಿರುಗಿ, “ಕೊಟ್ರೇಶಿ, ಸ್ವಲ್ಪ ಹೊರಗ ಹೋಗಿ ಗಾಳಿ ತಗೊಂಡು ಬಾ” ಅಂದರು. ಮುಖ ಊದಿಸಿಕೊಂಡು ಎದ್ದೆ. ಹೊಸ್ತಿಲು ದಾಟಿದ್ದೆನೋ ಇಲ್ಲವೋ, ಹಿಂದಿನಿಂದ ಕೇಳಿದರು: “ಈಗ ಯಾವ ಕಾಲು ಮದ್ಲ ಇಟ್ಟಿ?”

ಬಲಗಾಲು. ಹುಟ್ಟಿದಾಗಿನಿಂದ ಅಭ್ಯಾಸವಾದ ಬಲಗಾಲು. ಹನುಮಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಾನೂ ನಗದೆ ವಿಧಿ ಇರಲಿಲ್ಲ.

ವಾಪಸ್ಸು ಬರುವಾಗ ಮೇಡಂ ಹೇಳಿದ ಮಾತು ಇವತ್ತಿಗೂ ನನ್ನ ಕೆಲಸದ ಬುನಾದಿ. “ಆಕಿ ನಂಬಿಕಿ ನನಗಿಲ್ಲ. ಆದ್ರ ನನ್ನ ನಂಬಿಕಿ ಮ್ಯಾಲ ಆಕಿ ನಡಿಯಾಕ ಆಗ್ತೈತೇನು? ಹೊಸ್ತಿಲ ಇಳಸಾದು ಬ್ಯಾಡ, ನೆಲ ಏರಸೂನು.”

ಗೌಂಡಿಯ ಮಗಳು ಅನ್ನುವುದು ಆಗ ಗೊತ್ತಾಯಿತು. ಮರುದಿನವೇ ದಾರ ಹಿಡಿದು ಮಟ್ಟ ನೋಡಿ, ಹೊಸ್ತಿಲಿನ ಒಳಗೂ ಹೊರಗೂ ಚಪ್ಪಡಿ ಹಾಕಿಸಿ ಇಳಿಜಾರು ಮಾಡಿಸಿದರು. ಮಗ ಸಿಮೆಂಟು ಕಲಸಿದ, ಮೇಡಂ ಸೀರೆ ಎತ್ತಿಕಟ್ಟಿ ನಿಂತು, “ಇನ್ನ ಎರಡು ಬೆರಳು ಏರಸು” ಅನ್ನುತ್ತಿದ್ದರು. ಕೆಲಸ ಮುಗಿದಾಗ ಅರಿಶಿನದ ಹೊಸ್ತಿಲು ಇದ್ದ ಹಾಗೆಯೇ ಇತ್ತು, ದಾಟಬೇಕಾದ ಎತ್ತರ ಮೂರು ಬೆರಳಷ್ಟೇ ಉಳಿದಿತ್ತು. ಎಡಗೈಗೆ ಹಿಡಿಕೆ ಬೇಕಲ್ಲ, ನಾನು ಕೂಡ್ಲಿಗಿಯಿಂದ ಒಂದು ಕಬ್ಬಿಣದ ಹಿಡಿಕೆ ತಂದು ಬಾಗಿಲ ಚೌಕಟ್ಟಿನ ಎಡಕ್ಕೆ ಬಡಿಸಿ ಹೆಮ್ಮೆಯಿಂದ ನಿಂತೆ. ಮೇಡಂ ನೋಡಿದರು. “ಹೊರಗ ಹೋದಾಕಿ ವಾಪಸ್ ಬರಬ್ಯಾಡೇನೋ?” ಒಳಗೆ ಬರುವಾಗ ಎಡಗೈ ಇನ್ನೊಂದು ಬದಿಗೆ ಬರುತ್ತದೆ ಎಂಬುದು ನನ್ನ ಡಿಗ್ರಿಗೆ ಹೊಳೆದಿರಲಿಲ್ಲ. ಮತ್ತೆ ಪೇಟೆಗೆ ಓಡಿದೆ.

ಇಷ್ಟಾದರೂ ಸೊಸೆಯದೊಂದು ಉಳಿದಿತ್ತು. ಒಳ್ಳೆಯ ಹುಡುಗಿ, ಅತ್ತೆ ಕೈ ಚಾಚುವ ಮುಂಚೆಯೇ ಲೋಟ ತಂದು ಹಿಡಿಸುವವಳು. ಪುಸ್ತಕದ ಪ್ರಕಾರ ಸುತ್ತಲಿನವರು ಆಸರೆಯಾದರೆ ಕೂಡಿಸುವ ಗುರುತು, ಅಡ್ಡಿಯಾದರೆ ಬರೀ ಚುಕ್ಕೆ. ಮೇಡಂ ಆಕೆಯ ಹೆಸರಿಗೆ ಎರಡನ್ನೂ ಹಾಕಿ, ಆಕೆಗೇ ತೋರಿಸಿದರು. “ನೀನು ಇಷ್ಟು ಚಲೋ ಅದೀಯವ್ವ, ಅದಕ ಆಕಿ ಏಳವಲ್ಲಳು. ಸ್ವಲ್ಪ ಕೆಟ್ಟ ಸೊಸಿ ಆಗು.” ಆ ಹುಡುಗಿ ಅಳುತ್ತಲೇ ನಕ್ಕಳು. ಮರುದಿನದಿಂದ ನೀರಿನ ಲೋಟ ಅಡುಗೆಮನೆಯಲ್ಲೇ ಉಳಿಯಿತು.

ಹತ್ತು ದಿನ ದಿನಾಲೂ ಬಲಗಾಲು ಎತ್ತಿಡುವುದನ್ನೇ ಮಾಡಿಸಿದೆವು. ಹನ್ನೊಂದನೆಯ ದಿನ ಹನುಮಕ್ಕ ಹಿಡಿಕೆ ಹಿಡಿದು, ಬಲಗಾಲು ಮೊದಲಿಟ್ಟು, ತನ್ನ ಹೊಸ್ತಿಲನ್ನು ತಾನೇ ದಾಟಿದಳು. ಕಟ್ಟೆಯ ಮೇಲೆ ಕೂತಳು. ಎದುರು ಮನೆಯವಳು ಹೊರಗೆ ಓಡಿಬಂದು, “ಯವ್ವಾ, ಹನುಮಕ್ಕ ಬಂದ್ಲು!” ಎಂದು ಕೂಗಿದಳು. ಎಲ್ಲೋ ದೂರದ ಊರಿನಿಂದ ಬಂದವಳನ್ನು ನೋಡಿದ ಹಾಗೆ ಕೂಗಿದಳು.

ಗಡುವಿಗೆ ಎರಡು ದಿನ ಉಳಿದಾಗ ಮೇಡಂ ಹೊಸ ಹಾಳೆ ಹಿಡಿದು, ನನ್ನನ್ನೂ ಕರೆದುಕೊಂಡು ಶಾಲೆಗೆ ಹೋದರು. ಹೆಡ್‌ಮಾಸ್ತರು, ಸಮಿತಿಯ ನಾಲ್ಕು ಜನ ಕೂತಿದ್ದರು. “ಹಿಂದಿನ ಕಾಗದ ತಪ್ಪೈತ್ರಿ. ತಪ್ಪು ನಮ್ಮದು, ಆಕೀದಲ್ಲ. ಕಳ್ಳಾಟ ಅಂದ ಮಾತು ವಾಪಸ್ ತಗೋಬೇಕು” ಎಂದು ನಿಂತೇ ಹೇಳಿದರು. ‘ನಮ್ಮದು’ ಅಂದರು. ನನ್ನ ಕಡೆ ಒಂದು ಸಲವೂ ನೋಡಲಿಲ್ಲ.

ಹೆಡ್‌ಮಾಸ್ತರು ಹಾಳೆ ತಿರುಗಿಸಿ ಮುರುಗಿಸಿ ನೋಡಿ ಸುಸ್ತಾದರು. “ಇಷ್ಟೆಲ್ಲ ಅಂಕಿ ನಮಗ ತಿಳಿಯಂಗಿಲ್ರಿ ಮೇಡಂ. ಒಂದ ಮಾತಿನಾಗ ಹೇಳ್ರಿ, ಆಕಿ ಫಿಟ್ಟೋ, ಅನ್‌ಫಿಟ್ಟೋ?”

“ನಿಮಗ ಈಜು ಬರ್ತೈತೇನ್ರಿ ಸರ್?”

“ಇಲ್ರಿ.”

“ಲೆಕ್ಕ ಚಲೋ ಕಲಿಸ್ತೀರಿ ಅಂತ ಊರೆಲ್ಲ ಹೇಳ್ತೈತಿ. ಈಗ ನಾನು ನಿಮ್ಮನ್ನ ಫಿಟ್ ಅಂತ ಬರೀಲೋ, ಅನ್‌ಫಿಟ್ ಅಂತ ಬರೀಲೋ?”

ಸಮಿತಿಯವರು ನಕ್ಕುಬಿಟ್ಟರು. ಮೇಡಂ ಹಾಳೆಯನ್ನು ಒಂದೊಂದೇ ಸಾಲು ಓದಿದರು: ದೊಡ್ಡ ಪಾತ್ರೆ ಎತ್ತುವುದು ನಾಲ್ಕು, ಆ ಕೆಲಸ ಆಕೆಗೆ ಹೇಳಬೇಡಿ. ನೆಲದ ಮೇಲೆ ಕೂತು ಈಳಿಗೆಯಲ್ಲಿ ಹೆಚ್ಚುವುದು ಮೂರು, ಒಂದು ಎತ್ತರದ ಮೇಜು, ಚಾಕು ಕೊಟ್ಟರೆ ಅದೇ ಒಂದಕ್ಕೆ ಇಳಿಯುತ್ತದೆ. ಅಕ್ಕಿ ಬೇಳೆ ಆರಿಸುವುದು, ಒಗ್ಗರಣೆ, ಉಪ್ಪು ಹುಳಿ ನೋಡುವುದು ಸೊನ್ನೆ. ಮೂಲೆಯಲ್ಲಿ ನಿಂತಿದ್ದ ಇನ್ನಿಬ್ಬರು ಅಡುಗೆಯವರು, “ಪಾತ್ರಿ ನಾವು ಎತ್ತತೀವ್ರಿ, ಆಕಿ ಒಗ್ಗರಣಿ ಇಲ್ದ ಹುಡುಗ್ರು ಉಣವಲ್ವು” ಅಂದರು. ಒಂದು ತಿಂಗಳು ನೋಡೋಣ ಎಂದಾಯಿತು. ಆ ತಿಂಗಳು ಮುಗಿದೇ ಹೋಯಿತು, ಮತ್ತೆ ಯಾರೂ ಆ ಮಾತು ಎತ್ತಲಿಲ್ಲ.

ಮುಂದಿನ ವರ್ಷ ಮೇಡಂ ಕೆಲಸದಿಂದ ನಿವೃತ್ತರಾದರು. ಬೀಳ್ಕೊಡುಗೆಗೆ ಕೇಂದ್ರದಲ್ಲೇ ಶಾಲು, ಹಾರ, ಮಂಡಕ್ಕಿ ಮಿರ್ಚಿ ಎಲ್ಲ ಸಿದ್ಧ ಮಾಡಿದ್ದೆವು. ನಾನು ಎರಡು ಪುಟ ಭಾಷಣ ಬರೆದುಕೊಂಡಿದ್ದೆ. ಓದಲು ಎದ್ದು ನಿಂತಾಗ ಬಾಗಿಲಲ್ಲಿ ಹನುಮಕ್ಕ ಕಾಣಿಸಿದಳು. ಹೆಗಲಿಗೆ ಚೀಲ, ಕೈಯಲ್ಲಿ ಕೋಲು. ಹಿಂದೆ ಯಾರೂ ಇರಲಿಲ್ಲ.

“ಮಗ ಎಲ್ಲಿ ಯಕ್ಕಾ?” ಮೇಡಂ ಕೇಳಿದರು.

“ಅವಗ ಹೇಳಿಲ್ರಿ. ಹೇಳಿದ್ರ ಎತ್ತಿಕೊಂಡು ಬರ್ತಿದ್ದ. ಬಸ್ಸಿಗೆ ಬಂದೆ. ಆಧಾರ್ ಕಾರ್ಡ್ ತೋರಿಸಿದೆ, ಕಂಡಕ್ಟರು ಟಿಕೀಟು ಕೊಟ್ಟ, ಕುಂತೆ, ಇಳದೆ.”

ಬಸ್ಸಿನ ಮೊದಲ ಮೆಟ್ಟಿಲು ಎಷ್ಟು ಎತ್ತರ ಎಂಬುದು ನಮ್ಮ ಕೆಲಸದವರಿಗೆಲ್ಲ ಗೊತ್ತು.

“ಯಾವ ಕಾಲು ಮದ್ಲ ಇಟ್ಟಿ ಹನುಮಕ್ಕ?” ನಾನು ತಡೆಯಲಾರದೆ ಕೇಳಿದೆ.

“ಬಸ್ಸಿಗೇನು ಹೊಸ್ತಿಲ ಪೂಜಿ ಮಾಡ್ತಾರೇನು ತಮ್ಮಾ? ನೀನ ಕಲಿಸಿದ್ದಿ, ಗಟ್ಟಿ ಕಾಲು ಮದ್ಲ ಇಟ್ಟೆ.”

ಮೇಡಂ ಹೆಗಲ ಮೇಲಿನ ಶಾಲು ತೆಗೆದಿಟ್ಟು, “ಆಕಿ ಫೈಲ್ ತಗೊಂಡು ಬಾ” ಅಂದರು. ತಂದೆ. ಕೊನೆಯ ಹಾಳೆಯಲ್ಲಿ, ಬಸ್ಸು ಗಾಡಿಗಳಲ್ಲಿ ಓಡಾಡುವುದು ಎಂಬುದರ ಎದುರು ಎರಡೂ ಜಾಗದಲ್ಲಿ ನಾಲ್ಕು ಇತ್ತು. ಅದನ್ನು ಬರೆದವರು ಮೇಡಂ. ಇನ್ನು ಇದು ಆಗದ ಮಾತು ಎಂದು ಕೊನೆಯ ಭೇಟಿಯಲ್ಲಿ ತಾವೇ ಕೈಯಾರೆ ಬರೆದಿದ್ದರು. ಆ ನಾಲ್ಕನ್ನು ಬಹಳ ಹೊತ್ತು ನೋಡಿದರು. ಅವರ ಕಣ್ಣು ತುಂಬಿತ್ತು, ಮುಖದಲ್ಲಿ ಮಾತ್ರ ಅಂಥ ಬೆಳಕನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಪೆನ್ನು ನನ್ನ ಕೈಗೆ ಕೊಟ್ಟರು.

“ನಾನು ತಪ್ಪಿದೆ. ತಪ್ಪಿದೆ ಅಂತ ನೀನ ಬರಿ, ಕೊಟ್ರೇಶಿ. ಆಕೀನ ಕೇಳಿ ಬರಿ.”

ಹನುಮಕ್ಕನ ಪಕ್ಕ ಕೂತು, ಎಷ್ಟು ಹೊತ್ತಿಗೆ ಹೊರಟಳು, ಸ್ಟಾಪಿನ ತನಕ ಹೇಗೆ ನಡೆದಳು, ಯಾವ ಕಂಬಿ ಹಿಡಿದಳು, ಯಾರು ಕೈಕೊಟ್ಟರು, ಇಳಿಯುವಾಗ ಹೆದರಿಕೆಯಾಯಿತೇ, ಎಲ್ಲ ಕೇಳಿದೆ. ಅರ್ಧ ತಾಸು ಹಿಡಿಯಿತು. ಮಿರ್ಚಿ ಆರಿದವು, ಭಾಷಣ ಜೇಬಿನಲ್ಲೇ ಉಳಿಯಿತು. ಮೇಡಂ ಪಕ್ಕದಲ್ಲಿ ಕೈಕಟ್ಟಿ ಕೂತು ಪೂರ್ತಿ ಕೇಳಿದರು. ನಾನು ಮೊದಲ ಜಾಗದ ನಾಲ್ಕನ್ನು ಹೊಡೆದುಹಾಕಿ ಎರಡು ಎಂದು ಬರೆದು, ಕೆಳಗೆ ಸಹಿ ಮಾಡಿದೆ.

ಸಂಜೆಯ ಹಡಗಲಿ ಬಸ್ಸಿಗೆ ಅವರು ಹೊರಟುಹೋದರು. ಈಗ ಇಟ್ಟಿಗಿಯಲ್ಲಿದ್ದಾರೆ. ಅವರ ಕುರ್ಚಿಯಲ್ಲಿ ನಾನು ಕೂರುತ್ತೇನೆ. ನನ್ನ ಕಾಗದಗಳಲ್ಲಿ ಎಷ್ಟೋ ಸಹಿಗಳಿವೆ. ನನ್ನ ಗುರು ತಪ್ಪಿದ್ದರು ಎಂದು ಹಾಕಿದ ಆ ಒಂದು ಸಹಿಯಷ್ಟು ಹೆಮ್ಮೆಯಿಂದ ಬೇರೆ ಯಾವುದನ್ನೂ ಹಾಕಿಲ್ಲ.